ತಾರಸಿಯ ಮೇಲೆ ಒಣಗಿದ ಸುಣ್ಣ

ಈಜು ಬಾರದ ದಕ್ಷಿಣಾಮೂರ್ತಿಯವರು ನೌಕಾಪಡೆಯ ಡೈವರ್‌ಗಳ ಉಸಿರಿಗೆ ಉಸ್ತುವಾರಿಯಾದದ್ದು ಹೇಗೆ ಎಂದು ಯಾರೂ ಕೇಳಬಾರದು. ದೆಹಲಿಯಲ್ಲಿ ಅಂಥ ಪ್ರಶ್ನೆ ಕೇಳುತ್ತ ಹೋದರೆ ಅರ್ಧ ಸರ್ಕಾರಿ ಕಚೇರಿಗಳಿಗೆ ಬೀಗ ಜಡಿಯಬೇಕಾಗುತ್ತದೆ. ಸೇನಾ ಸಾಮಗ್ರಿ ತಪಾಸಣೆಯ ಕಚೇರಿಯಲ್ಲಿ ಮೊದಲು ಅವರು ಡೇರೆ ವಿಭಾಗದಲ್ಲಿದ್ದರು, ಆಮೇಲೆ ಕಂಬಳಿ ವಿಭಾಗದಲ್ಲಿ. ಕಂಬಳಿಯಿಂದ ಬಡ್ತಿ ಸಿಕ್ಕಾಗ ಖಾಲಿ ಇದ್ದ ಕುರ್ಚಿ ಒಂದೇ ಒಂದು: ಉಪನಿರ್ದೇಶಕರು, ಶ್ವಾಸೋಪಕರಣ ಪರೀಕ್ಷೆ. ಕೂತರು. ಜನಕಪುರಿಯ ಮನೆಯಿಂದ ಹೊಸ ಮೆಟ್ರೋ ಹಿಡಿದು ಹೊರಟರೆ ಕೈಯಲ್ಲಿ ವೈಜಯಂತಿ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿ, ಜೇಬಿನಲ್ಲಿ ಎರಡು ಪೆನ್ನು. ನೀರಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಬೆಳಿಗ್ಗೆ ಐದಕ್ಕೆ ಬಂದು ಆರಕ್ಕೆ ನಿಲ್ಲುವ ನಲ್ಲಿಯಷ್ಟೇ.

ವಿಷಯ ಏನೆಂದರೆ, ಮಾಮೂಲಿ ಸಿಲಿಂಡರ್ ಹೊತ್ತ ಡೈವರ್ ಉಸಿರು ಬಿಟ್ಟರೆ ಗುಳ್ಳೆ ಮೇಲೆದ್ದು, ಇಲ್ಲಿ ಒಬ್ಬ ಅಡಗಿದ್ದಾನೆ ಎಂದು ಊರಿಗೆಲ್ಲ ಸಾರುತ್ತದೆ. ಗುಟ್ಟಾಗಿ ಕೆಲಸ ಮಾಡುವವರಿಗೆ ಅದಾಗದು. ಅವರ ಉಪಕರಣದಲ್ಲಿ ಬಿಟ್ಟ ಉಸಿರು ಹೊರಗೆ ಹೋಗುವುದೇ ಇಲ್ಲ. ಅದು ಒಂದು ಡಬ್ಬಿಯೊಳಗೆ ಹಾಯುತ್ತದೆ. ಡಬ್ಬಿಯಲ್ಲಿರುವ ಬಿಳಿ ಸುಣ್ಣದ ಹರಳು ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಉಳಿದದ್ದಕ್ಕೆ ಒಂದಿಷ್ಟು ಆಮ್ಲಜನಕ ಸೇರಿ ಮತ್ತೆ ಅದೇ ಬಾಯಿಗೆ ಬರುತ್ತದೆ. ಸುಣ್ಣ ತನ್ನ ಕೆಲಸ ಮಾಡದಿದ್ದರೆ ಡೈವರ್ ತಾನು ಬಿಟ್ಟ ವಿಷವನ್ನು ತಾನೇ ಕುಡಿಯಬೇಕು: ಮೊದಲು ಏದುಸಿರು, ಆಮೇಲೆ ತಲೆಸಿಡಿತ, ಆಮೇಲೆ ನೀರಿನಡಿಯಲ್ಲೇ ಎಚ್ಚರ ತಪ್ಪುವುದು. ಆ ಸುಣ್ಣದಲ್ಲಿ ಒಂದಿಷ್ಟು ತೇವ ಇದ್ದರೇನೇ ಅದು ಹೀರುವುದು. ಇದು ಪ್ರತಿಯೊಬ್ಬ ಡೈವರನಿಗೂ ಗೊತ್ತು. ಶ್ವಾಸೋಪಕರಣ ಪರೀಕ್ಷೆಯ ಉಪನಿರ್ದೇಶಕರಿಗೆ ಗೊತ್ತಿರಲಿಲ್ಲ.

ಎರಡು ಸಾವಿರದ ಐದರ ಬೇಸಿಗೆಯಲ್ಲಿ, ಇನ್ನೂರು ಡ್ರಮ್ ಹೊಸ ಸುಣ್ಣ ಉಗ್ರಾಣಕ್ಕೆ ಬಂದಿತ್ತು. ದಕ್ಷಿಣಾಮೂರ್ತಿಯವರು ಒಂದು ಡ್ರಮ್ ಬಿಚ್ಚಿಸಿ ಕೈ ಹಾಕಿದರು. ಕೈಗೆ ತಣ್ಣಗೆ ತೇವ ಹತ್ತಿತು. ಕೈಯನ್ನು ಥಟ್ಟನೆ ಹೊರಗೆಳೆದುಕೊಂಡರು. ಡೇರೆ ಇರಲಿ, ಕಂಬಳಿ ಇರಲಿ, ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಅವರು ಕಲಿತ ವೇದವಾಕ್ಯ ಒಂದೇ: ತೇವ ಕಂಡ ಸಾಮಗ್ರಿ ದೋಷಯುಕ್ತ. ವಾಪಸು ಕಳಿಸಿದರೆ ಆರು ತಿಂಗಳ ಪತ್ರ ವ್ಯವಹಾರ. ಇಟ್ಟುಕೊಂಡರೆ ತಲೆಯ ಮೇಲೆ ತೂಗುಗತ್ತಿ.

ಆ ಸಂಜೆ ಅವರು ಮನೆಗೆ ಬಂದಾಗ ವೈಜಯಂತಿ ತಾರಸಿಯಿಂದ ಸಂಡಿಗೆ ಇಳಿಸಿಕೊಂಡು ಬರುತ್ತಿದ್ದರು.

"ನೋಡಿ, ಮೂರೇ ದಿನಕ್ಕೆ ಹೇಗೆ ಗಲಗಲ ಅಂತಿದೆ! ಈ ದೆಹಲಿ ಬಿಸಿಲಿಗೆ ಬೇರೆ ಯಾವ ಉಪಯೋಗವೂ ಇಲ್ಲ, ಇದೊಂದಕ್ಕೆ ಮಾತ್ರ ಸೈ. ಒಣಗಿಸಿ ಡಬ್ಬಿಗೆ ಹಾಕಿಟ್ರೆ ವರ್ಷಗಟ್ಟಲೆ ಏನೂ ಆಗಲ್ಲ ರೀ."

ದಕ್ಷಿಣಾಮೂರ್ತಿಯವರು ಒಂದು ಸಂಡಿಗೆ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಅಲ್ಲೇ ಜ್ಞಾನೋದಯವಾಯಿತು.

ಮರುದಿನದಿಂದ ಕಚೇರಿಯ ತಾರಸಿಯ ತುಂಬ ಹಳೆಯ ಬೆಡ್‌ಶೀಟು, ಬೆಡ್‌ಶೀಟಿನ ತುಂಬ ಸುಣ್ಣ. ಅಟೆಂಡರ್ ಚಂದ್ರಪ್ಪ ದಾವಣಗೆರೆ ಕಡೆಯವನು. ಕಾಗೆ ಓಡಿಸಲು ಅವನನ್ನು ಕೊಡೆ ಕೊಟ್ಟು ಕೂರಿಸಿದರು. ಸುಣ್ಣವನ್ನು ಯಾವ ಕಾಗೆ ತಿನ್ನುತ್ತದೆ ಎಂದು ಅವನು ಕೇಳಲಿಲ್ಲ. ಸರ್ಕಾರಿ ಆಜ್ಞೆಗೆ ಎದುರು ಪ್ರಶ್ನೆ ಹಾಕಿ ಕೆಟ್ಟವರನ್ನು ಅವನು ಬೇಕಾದಷ್ಟು ನೋಡಿದ್ದ. ಕೆಳಗಿನ ರಸ್ತೆಯಲ್ಲಿ ಬಸ್ಸು, ಟ್ರಕ್ಕು, ಆಟೋಗಳು ಬಿಟ್ಟ ಹೊಗೆಯನ್ನೆಲ್ಲ ಕುಡಿಯುತ್ತ ಸುಣ್ಣ ತಂಡ ತಂಡವಾಗಿ ಒಣಗಿತು. ದಕ್ಷಿಣಾಮೂರ್ತಿಯವರು ಹನ್ನೊಂದು ಅಂಶಗಳ ಟಿಪ್ಪಣಿ ಬರೆದರು. ಪರೀಕ್ಷಾ ಪತ್ರದಲ್ಲಿ ಬಣ್ಣ, ತೂಕ, ಮುಚ್ಚಳ, ತೇವ ಎಂದು ನಾಲ್ಕು ಕಾಲಮ್ಮು. ಇದು ಉಸಿರನ್ನು ಶುದ್ಧ ಮಾಡುತ್ತದೆಯೇ ಎಂಬ ಕಾಲಮ್ಮು ಇರಲಿಲ್ಲವಾದ್ದರಿಂದ ಅದನ್ನು ಯಾರೂ ನೋಡಲಿಲ್ಲ. ಮಹಾನಿರ್ದೇಶಕ ಸಚದೇವ ಸಾಹೇಬರು ಮೆಚ್ಚಿ, ಉತ್ತಮ ಸಲಹೆಗಾಗಿ ಪ್ರಶಸ್ತಿಪತ್ರ ಕೊಟ್ಟರು. ಮುಂದೆ ಬರುವ ಸುಣ್ಣವನ್ನೂ ಹೀಗೆಯೇ ಒಣಗಿಸಬೇಕೆಂದು ಒಂದು ಸುತ್ತೋಲೆ ಹೊರಟಿತು. ಪತ್ರಕ್ಕೆ ಕಟ್ಟು ಹಾಕಿಸಿ ದಕ್ಷಿಣಾಮೂರ್ತಿಯವರು ಕುರ್ಚಿಯ ಹಿಂದೆ ತೂಗುಹಾಕಿದರು. ಸಾಹೇಬರ ಸಹಿ ಅಂಗೈಯಗಲ ಇತ್ತು.

ಇಷ್ಟಾಗಿಯೂ ಒಂದು ವರ್ಷ ಯಾರೂ ಸಾಯಲಿಲ್ಲ. ಮೊದಲು ಬಂದದ್ದು ಮೊದಲು ಹೋಗಬೇಕು ಎಂಬ ಉಗ್ರಾಣದ ನಿಯಮದಂತೆ ಹಳೆಯ ದಾಸ್ತಾನೇ ಇಷ್ಟು ದಿನ ಖರ್ಚಾಗುತ್ತಿತ್ತು. ಸರ್ಕಾರಿ ನಿಯಮವೂ ಒಮ್ಮೊಮ್ಮೆ ಪುಣ್ಯ ಕಟ್ಟಿಕೊಳ್ಳುತ್ತದೆ.

ಹಳೆಯದು ಮುಗಿದದ್ದು ಎರಡು ಸಾವಿರದ ಆರರ ಜೂನಿನಲ್ಲಿ. ಅದೇ ತಿಂಗಳ ಎರಡನೆಯ ಶುಕ್ರವಾರ ದಂಡುಪ್ರದೇಶದ ಈಜುಕೊಳದಲ್ಲಿ ಸಚದೇವ ಸಾಹೇಬರ ಮುಂದೆ ಪ್ರಾತ್ಯಕ್ಷಿಕೆ ಎಂದು ಗೊತ್ತಾಯಿತು. ಒಬ್ಬ ಡೈವರ್ ಈ ಉಪಕರಣ ತೊಟ್ಟು ಮುಕ್ಕಾಲು ಗಂಟೆ ನೀರಿನಡಿ ಇರಬೇಕು. ಅದು ಚೆನ್ನಾಗಿ ನಡೆದರೆ ಜನವರಿಯಲ್ಲಿ ದಕ್ಷಿಣಾಮೂರ್ತಿಯವರು ನಿರ್ದೇಶಕರಾಗುವುದು ಖಂಡಿತ ಎಂದು ಮೇಲಿನಿಂದ ಪಿಸುಮಾತು ಬಂದಿತ್ತು. ವೈಜಯಂತಿ ಆಗಲೇ ಹೊಸ ಪರದೆಗೆ ಬಟ್ಟೆ ನೋಡಿದ್ದರು.

ಆ ತಿಂಗಳ ಮೊದಲ ವಾರ ಕಚೇರಿಗೆ ಬಿದ್ದಪ್ಪ ಬಂದರು. ಕೊಡಗಿನವರು, ಇಪ್ಪತ್ನಾಲ್ಕು ವರ್ಷ ನೌಕಾಪಡೆಯಲ್ಲಿ ಡೈವರ್ ಆಗಿದ್ದು ನಿವೃತ್ತರಾಗಿ, ಈಗ ತಾಂತ್ರಿಕ ಸಹಾಯಕ ಎಂಬ ಗುತ್ತಿಗೆ ಕೆಲಸ. ಮೂರನೆಯ ದಿನ ಉಗ್ರಾಣಕ್ಕೆ ಹೋದವರು ಒಂದು ಡ್ರಮ್ ಅಲುಗಿಸಿ ನೋಡಿದರು, ಒಂದು ಹಿಡಿ ಸುಣ್ಣವನ್ನು ಬೆರಳಲ್ಲಿ ತಿಕ್ಕಿದರು, ನೇರ ಉಪನಿರ್ದೇಶಕರ ಕೋಣೆಗೆ ಬಂದು ಆ ಹಿಡಿಯನ್ನು ಮೇಜಿನ ಮೇಲೆ ಸುರಿದರು.

"ಸಾರ್, ಇದನ್ನ ಯಾರು ಹುರಿದಿದ್ದು?"

"ಹುರಿದಿದ್ದಲ್ಲ ಬಿದ್ದಪ್ಪನವರೇ, ಒಣಗಿಸಿದ್ದು. ಶಾಸ್ತ್ರೀಯವಾಗಿ. ಅಲ್ಲಿ ನೋಡಿ, ಸರ್ಟಿಫಿಕೇಟ್ ಇದೆ."

ಬಿದ್ದಪ್ಪ ಪ್ರಶಸ್ತಿಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದರು.

"ಇದು ಸತ್ತಿದೆ ಸಾರ್. ಇದರ ಜೀವವೇ ಆ ತೇವದಲ್ಲಿ ಇರೋದು. ಶುಕ್ರವಾರ ನೀರಿಗಿಳಿಯೋನು ನನ್ನ ತಂಗಿ ಮಗ ಅಯ್ಯಣ್ಣ. ಇದನ್ನ ಕಟ್ಟಿ ಅವನನ್ನ ಇಳಿಸಿದ್ರೆ ನಾನು ತಂಗಿಗೆ ಏನು ಹೇಳ್ಲಿ?"

"ನೀವು ಲಿಖಿತವಾಗಿ ಕೊಡಿ. ಪ್ರಯೋಗಾಲಯಕ್ಕೆ ಬರೆಯೋಣ. ಆರು ವಾರದಲ್ಲಿ ವರದಿ ಬರುತ್ತೆ."

"ಶುಕ್ರವಾರಕ್ಕೆ ಆರು ದಿನ ಇದೆ ಸಾರ್, ಆರು ವಾರ ಇಲ್ಲ." ಬಿದ್ದಪ್ಪ ದನಿ ಏರಿಸಲಿಲ್ಲ. "ಬರೆಯೋದೆಲ್ಲ ಯಾಕೆ? ನೀವೇ ಒಂದ್ಸಲ ಉಸಿರಾಡಿ ನೋಡಿಬಿಡಿ. ನೀರು ಬೇಡ, ಇದೇ ಕುರ್ಚಿ ಸಾಕು. ಹತ್ತು ನಿಮಿಷ."

ಬಾಗಿಲಲ್ಲಿ ಚಂದ್ರಪ್ಪ ನಿಂತಿದ್ದ. ಅವನ ಹಿಂದೆ ಇಬ್ಬರು ಗುಮಾಸ್ತರು. ಹಿಂದೆ ಸರಿದರೆ ಮಧ್ಯಾಹ್ನದ ಚಹಾದ ಹೊತ್ತಿಗೆ ನಾಲ್ಕೂ ಮಹಡಿಗೆ ಸುದ್ದಿ. ಅದೂ ಅಲ್ಲದೆ ದಕ್ಷಿಣಾಮೂರ್ತಿಯವರಿಗೆ ತಮ್ಮ ಸುಣ್ಣದ ಮೇಲೆ ನಿಜವಾಗಿಯೂ ನಂಬಿಕೆ ಇತ್ತು. ಮೋಸಗಾರನಾಗಿದ್ದರೆ ಅವರು ಆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಪಾಪ, ಅವರು ಬರೀ ಅಧಿಕಾರಿ.

ಕನ್ನಡಕ ತೆಗೆದಿಟ್ಟು ಕೂತರು. ಬಿದ್ದಪ್ಪ ಡಬ್ಬಿಗೆ ಒಣಸುಣ್ಣ ತುಂಬಿ, ಉಪಕರಣವನ್ನು ಅವರ ಎದೆಗೆ ಕಟ್ಟಿ, ಬಾಯಿಗೆ ರಬ್ಬರಿನ ಮೂತಿ ಇಟ್ಟು, ಮೂಗಿಗೆ ಕ್ಲಿಪ್ಪು ಹಾಕಿದರು. ಮೊದಲನೆಯ ನಿಮಿಷ ಸುಖವಾಗಿತ್ತು. ದಕ್ಷಿಣಾಮೂರ್ತಿಯವರು ಚಂದ್ರಪ್ಪನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದರು. ಎರಡನೆಯದರಲ್ಲಿ ಮೆಟ್ಟಿಲು ಹತ್ತಿದಷ್ಟು ಉಬ್ಬಸ. ಕುರ್ಚಿಯಲ್ಲಿ ಕೂತವನಿಗೆ ಮೆಟ್ಟಿಲೆಲ್ಲಿಂದ ಬಂತು ಎಂದು ಅವರೇ ಬೆರಗಾದರು. ಮೂರನೆಯದರಲ್ಲಿ ಎಷ್ಟು ಎಳೆದರೂ ಸಾಲದು. ಬಾಯಿ ತುಂಬ ಗಾಳಿ ಬರುತ್ತಿದೆ, ಎದೆ ಮಾತ್ರ ಇನ್ನೂ ಕೊಡು ಎನ್ನುತ್ತಿದೆ. ನಾಲ್ಕನೆಯದರಲ್ಲಿ ನೆತ್ತಿಯೊಳಗೆ ಯಾರೋ ಒರಳು ಕುಟ್ಟತೊಡಗಿದರು. ಬೆವರು ಕುತ್ತಿಗೆಯಿಂದ ಅಂಗಿಯೊಳಗೆ ಇಳಿಯಿತು. ಆಗ ಅವರ ಮನಸ್ಸಿಗೆ ಬಂದದ್ದು ಹೆಂಡತಿಯಲ್ಲ, ಮಗಳಲ್ಲ, ದೇವರೂ ಅಲ್ಲ. ಟಿಪ್ಪಣಿಗೆ ಹನ್ನೆರಡನೆಯ ಅಂಶವೊಂದನ್ನು ಸೇರಿಸಬೇಕಿತ್ತು ಎಂಬ ಯೋಚನೆ ಬಂತು. ಏನು ಅಂಶ ಎಂದು ನೆನಪಾಗಲಿಲ್ಲ. ಐದನೆಯ ನಿಮಿಷ ಮುಗಿಯುವ ಮೊದಲೇ ಮೂತಿಯನ್ನು ಕಿತ್ತೆಸೆದು, ಕಿಟಕಿಗೆ ಓಡಿ, ದೆಹಲಿಯ ಜೂನ್ ತಿಂಗಳ ಧೂಳುಗಾಳಿಯನ್ನು ಅಮೃತದಂತೆ ಕುಡಿದರು.

"ಅಯ್ಯೋ," ಎಂದರು. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಅವರು ಟಿಪ್ಪಣಿಯಿಲ್ಲದೆ ಹೇಳಿದ ಮೊದಲ ಮಾತು ಅದು.

ಮಾಡಿದ್ದುಣ್ಣೋ ಮಹರಾಯ ಎಂದು ಚಂದ್ರಪ್ಪ ಮನಸ್ಸಿನಲ್ಲೇ ಅಂದುಕೊಂಡು ನೀರು ತಂದುಕೊಟ್ಟ.

ಇನ್ನು ಒಳ್ಳೆಯ ಸುಣ್ಣ ಎಲ್ಲಿಂದ ತರುವುದು? ಬಿದ್ದಪ್ಪ ಉಗ್ರಾಣದ ಪಟ್ಟಿ ನೋಡಿದರು. ಇನ್ನೂರರಲ್ಲಿ ತಾರಸಿ ಹತ್ತಿದ್ದು ನೂರ ತೊಂಬತ್ತೆಂಟು. ಉಳಿದೆರಡು ಎಲ್ಲಿ? ಚಂದ್ರಪ್ಪ ತಲೆ ಕೆರೆದುಕೊಂಡ. ಕೂಲರ್ ಕಿಟಕಿಯ ಎತ್ತರಕ್ಕೆ ಬರಲಿ ಎಂದು ಅವನು ಎರಡು ಡ್ರಮ್ಮನ್ನು ಅದರ ಕಾಲಡಿಗೆ ಕೊಟ್ಟಿದ್ದ. ಸೀಲು ಒಡೆಯದೆ ಹಾಗೇ ಇತ್ತು. ಬಿದ್ದಪ್ಪ ಒಂದನ್ನು ಬಿಚ್ಚಿ ಮೂಸಿದರು, ಹರಳು ಹಿಸುಕಿದರು, ಡಬ್ಬಿಗೆ ತುಂಬಿ ತಾವೇ ಉಪಕರಣ ಕಟ್ಟಿಕೊಂಡು ಕೂತರು. ಒಂದು ಗಂಟೆ ಅಲ್ಲಾಡದೆ ಪತ್ರಿಕೆ ಓದಿದರು. ನಡುವೆ ಒಂದೇ ಸಲ ಪುಟ ತಿರುಗಿಸಿದ್ದು, ಕ್ರೀಡಾ ಪುಟಕ್ಕೆ. ಕೂಲರ್ ನೆಲಕ್ಕಿಳಿದು ಇಡೀ ವಿಭಾಗ ಬೆಂದುಹೋಯಿತು. ಆದರೆ ಅಯ್ಯಣ್ಣನಿಗೆ ಬೇಕಾದ ಸುಣ್ಣ ಸಿಕ್ಕಿತು.

"ಸರಿ, ಶುಕ್ರವಾರ ಇದನ್ನೇ ತುಂಬಿ," ಎಂದರು ದಕ್ಷಿಣಾಮೂರ್ತಿ. ಬಾಗಿಲು ಹಾಕಿಕೊಂಡು ಬಂದು ದನಿ ತಗ್ಗಿಸಿದರು. "ಆದ್ರೆ ಈ ವಿಷಯ ನಮ್ಮಲ್ಲೇ ಇರಲಿ. ಚಂದ್ರಪ್ಪನಿಗೂ ಗುಮಾಸ್ತರಿಗೂ ಹೇಳಿದ್ದಾಗಿದೆ. ಪ್ರೋಗ್ರಾಂ ಮುಗೀಲಿ, ಜನವರಿ ಕಳೀಲಿ. ಆಮೇಲೆ ಮೆಲ್ಲಗೆ ಸುತ್ತೋಲೆ ವಾಪಸ್ ತಗೊಳ್ಳೋಣ."

"ಆಮೇಲೆ ಅಂದ್ರೆ ಯಾವಾಗ ಸಾರ್?"

"ಆಮೇಲೆ ಅಂದ್ರೆ ಆಮೇಲೆ ಬಿದ್ದಪ್ಪನವರೇ. ನಾನು ಮಾತು ಕೊಡ್ತಿದ್ದೀನಲ್ಲ."

ಬಿದ್ದಪ್ಪ ಪ್ರಶಸ್ತಿಪತ್ರವನ್ನು ಇನ್ನೊಮ್ಮೆ ನೋಡಿ ಹೊರಗೆ ಹೋದರು.

ಆ ಸಂಜೆ ದಕ್ಷಿಣಾಮೂರ್ತಿಯವರು ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದರು. ಮಗಳು ಗಾನವಿ "ಪಪ್ಪಾ, ಕ್ಯಾ ಹುವಾ? ಆಫೀಸಲ್ಲಿ ಯಾರಾದ್ರೂ ಡಾಂಟಾ? ಬೈದ್ರಾ?" ಎಂದಳು. ವೈಜಯಂತಿ ಊಟಕ್ಕೆ ಸಂಡಿಗೆ ಕರಿದು ತಂದರು. ಅವರು ತಟ್ಟೆಯನ್ನು ಆಚೆ ತಳ್ಳಿದರು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಸಂಡಿಗೆ ಬೇಡವೆಂದದ್ದು ಅದೇ ಮೊದಲು.

ಶುಕ್ರವಾರ ಈಜುಕೊಳದ ದಂಡೆಯಲ್ಲಿ ಶಾಮಿಯಾನ, ಸೋಫಾ, ಗೋಡಂಬಿ, ಕಚೇರಿಯ ಫೋಟೋಗ್ರಾಫರ್. ಸಚದೇವ ಸಾಹೇಬರು ನಡುವಿನ ಸೋಫಾದಲ್ಲಿ ತುಂಬಿ ಕೂತಿದ್ದರು. ಅಯ್ಯಣ್ಣ ಇಪ್ಪತ್ತಾರರ ಗಟ್ಟಿ ಹುಡುಗ. ಮಾವನ ಕಾಲು ಮುಟ್ಟಿ ನಮಸ್ಕರಿಸಿ ನೀರಿಗಿಳಿದ. ಒಂದು ಗುಳ್ಳೆಯೂ ಮೇಲೆ ಬರಲಿಲ್ಲ. ದಕ್ಷಿಣಾಮೂರ್ತಿಯವರು ಗಡಿಯಾರ ನೋಡುತ್ತ ಕೂತರು. ಐದನೆಯ ನಿಮಿಷ ಬಂದಾಗ ಅವರಿಗೇ ಗೊತ್ತಿಲ್ಲದಂತೆ ಅವರ ಉಸಿರು ನಿಂತಿತ್ತು. ಅಯ್ಯಣ್ಣ ಕೆಳಗೆ ಮೀನಿನಂತೆ ಸುತ್ತುತ್ತಲೇ ಇದ್ದ. ನಲವತ್ತೈದು ನಿಮಿಷಕ್ಕೆ ಮೇಲೆ ಬಂದು ನಕ್ಕ. ಚಪ್ಪಾಳೆ ಬಿತ್ತು.

ಸಚದೇವ ಸಾಹೇಬರು ಎದ್ದು ಮೈಕು ಹಿಡಿದರು.

"ವಾಹ್ ಮೂರ್ತಿ ಸಾಹೇಬ್, ಕಮಾಲ್ ಕರ್ ದಿಯಾ! ನಿಮ್ಮ ತಾರಸಿ ವಿಧಾನ ಇವತ್ತು ಸಾಬೀತಾಯಿತು. ಇದನ್ನು ಒಂದೇ ಉಗ್ರಾಣಕ್ಕೆ ಯಾಕೆ ಬಿಡಬೇಕು? ಸೋಮವಾರದಿಂದ ದೇಶದ ಎಲ್ಲಾ ಉಗ್ರಾಣಗಳಲ್ಲೂ ಸುಣ್ಣ ಒಣಗಬೇಕು! ಆದೇಶಕ್ಕೆ ಇವತ್ತೇ ಸಹಿ ಹಾಕ್ತೀನಿ."

ಮತ್ತೆ ಚಪ್ಪಾಳೆ. ದಕ್ಷಿಣಾಮೂರ್ತಿಯವರ ಗಂಟಲಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಿಜ ಹೇಳಿದರೆ ಜನವರಿ ಹೋಯಿತು. ಹೇಳದಿದ್ದರೆ ಮುಂಬೈ, ಕೊಚ್ಚಿ, ವಿಶಾಖಪಟ್ಟಣದ ತಾರಸಿಗಳಲ್ಲೆಲ್ಲ ಬೆಡ್‌ಶೀಟು. ಆಮೇಲೆ ಮೆಲ್ಲಗೆ ನೋಡೋಣ ಎಂದು ಅವರು ಮನಸ್ಸಿಗೆ ಸಮಾಧಾನ ಹೇಳುತ್ತಿದ್ದಾಗ, ಟವೆಲ್ ಹೊದ್ದ ಅಯ್ಯಣ್ಣ ಎದುರು ಬಂದು ನಿಂತ.

"ನಮಸ್ಕಾರ ಸಾರ್. ಇವತ್ತಿನ ಸುಣ್ಣ ತುಂಬಾ ಚೆನ್ನಾಗಿತ್ತು. ಒಂದು ಚೂರೂ ತಲೆನೋವು ಬರ್ಲಿಲ್ಲ. ಮುಂದಿನ ತಿಂಗಳು ನಾವು ಹತ್ತು ಜನ ವಿಶಾಖಪಟ್ಟಣಕ್ಕೆ ಹೋಗ್ತಿದ್ದೀವಿ. ಹಡಗಿನ ಹೊಟ್ಟೆ ಕೆಳಗೆ ಕೆಲಸ. ಅಲ್ಲಿ ಉಸಿರು ಕಟ್ಟಿದ್ರೆ ಮೇಲೆ ಬರೋಣ ಅಂದ್ರೆ ಮೇಲೆ ಹಡಗೇ ಇರುತ್ತೆ. ಅಲ್ಲಿಗೂ ಇದನ್ನೇ ಕಳಿಸ್ತೀರಲ್ವಾ ಸಾರ್?"

ಮಾವ ಇವನಿಗೆ ಏನೂ ಹೇಳಿಲ್ಲ ಎಂದು ದಕ್ಷಿಣಾಮೂರ್ತಿಯವರಿಗೆ ತಿಳಿಯಿತು. ಕೊಟ್ಟ ಮಾತನ್ನು ನಂಬಿ ಬಿದ್ದಪ್ಪ ಬಾಯಿ ಮುಚ್ಚಿಕೊಂಡಿದ್ದಾರೆ. ದಕ್ಷಿಣಾಮೂರ್ತಿಯವರಿಗೆ ನಾಚಿಕೆಯಾಯಿತು. ಕಂಬಳಿ, ಡೇರೆ, ಡ್ರಮ್ಮುಗಳ ನಡುವೆ ಕಳೆದ ಆಯುಷ್ಯದಲ್ಲಿ ಆ ಸಾಮಾನನ್ನು ಬಳಸುವ ಮನುಷ್ಯ ಇಷ್ಟು ಹತ್ತಿರ, ಇಷ್ಟು ಒದ್ದೆಯಾಗಿ, ಎಂದೂ ಅವರ ಎದುರು ನಿಂತಿರಲಿಲ್ಲ.

ಅವರು ಬಿದ್ದಪ್ಪನವರ ಬಳಿ ಹೋದರು.

"ಆ ಒಣಗಿದ್ದು ಸ್ವಲ್ಪ ಬೇಕಿತ್ತಲ್ಲ..."

"ಒಂದು ಡಬ್ಬಿ ತುಂಬಿ ತಂದಿದ್ದೀನಿ ಸಾರ್. ನೀವು ಕೇಳಬಹುದು ಅಂತ."

ಬಾಯಲ್ಲಿ ಹೇಳಿದರೆ ಸಚದೇವ ಸಾಹೇಬರು ನಂಬುವವರಲ್ಲ. ದಕ್ಷಿಣದವರ ವಿನಯ ಎಂದು ಬೆನ್ನು ತಟ್ಟಿ ಇನ್ನೊಂದು ಪ್ರಶಸ್ತಿಪತ್ರ ಕೊಟ್ಟುಬಿಟ್ಟಾರು. ಆದರೆ ಇಪ್ಪತ್ತೆಂಟು ವರ್ಷ ಸುಮ್ಮನೆ ಹೋಗಿರಲಿಲ್ಲ. ಫೋಟೋ ಬೇಡವೆನ್ನುವ ಮಹಾನಿರ್ದೇಶಕ ಇನ್ನೂ ಹುಟ್ಟಿಲ್ಲ ಎಂಬುದು ದಕ್ಷಿಣಾಮೂರ್ತಿಯವರಿಗೆ ಚೆನ್ನಾಗಿ ಗೊತ್ತಿತ್ತು.

"ಸರ್, ತಾವು ಉಪಕರಣ ಧರಿಸಿದ ಒಂದು ಫೋಟೋ ಇದ್ದರೆ ವಾರ್ಷಿಕ ವರದಿಯ ಮುಖಪುಟಕ್ಕೆ ಚೆನ್ನ. ನೀರಿಗೆ ಇಳಿಯೋದು ಬೇಡ. ಇಲ್ಲೇ ಕುರ್ಚಿಯಲ್ಲಿ. ಹತ್ತೇ ನಿಮಿಷ."

"ಅಚ್ಛಾ? ಚಲೋ, ಚಲೋ!" ಸಾಹೇಬರು ಟೈ ಸರಿಮಾಡಿಕೊಂಡು ಕೂತರು. ಬಿದ್ದಪ್ಪ ಎದೆಗೆ ಕಟ್ಟಿ, ಮೂಗಿಗೆ ಕ್ಲಿಪ್ಪು ಹಾಕಿ, ಒಂದು ಕೈಯನ್ನು ಪಟ್ಟಿಯ ಮೇಲೆಯೇ ಇಟ್ಟುಕೊಂಡು ಪಕ್ಕದಲ್ಲಿ ನಿಂತರು. ಫೋಟೋಗ್ರಾಫರ್ ಎಡದಿಂದ ಒಂದು ತೆಗೆದ, ಬಲದಿಂದ ಒಂದು. ಮೊದಲ ನಿಮಿಷದಲ್ಲಿ ಸಾಹೇಬರು ಹೆಬ್ಬೆರಳು ಎತ್ತಿ ತೋರಿಸಿದರು. ದಕ್ಷಿಣಾಮೂರ್ತಿಯವರಿಗೆ ಆ ಹೆಬ್ಬೆರಳಿನ ಪರಿಚಯ ಇತ್ತು. ಎರಡನೆಯ ನಿಮಿಷಕ್ಕೆ ಹೆಬ್ಬೆರಳು ಇಳಿಯಿತು. ಮೂರನೆಯದಕ್ಕೆ ಸಾಹೇಬರ ಕಣ್ಣು ದೊಡ್ಡದಾಯಿತು, ಸೋಫಾದವರು ಗೋಡಂಬಿ ಅಗಿಯುವುದನ್ನು ನಿಲ್ಲಿಸಿದರು. ಸಾಹೇಬರು ಮೂತಿ ಕಿತ್ತೆಸೆದು, ಟೈ ಹರಿಯುವಂತೆ ಎಳೆದು, ಬಾಯಿ ತೆರೆದು ಆಕಾಶ ನೋಡಿದರು.

ಉಸಿರು ಬಂದ ಮೇಲೆ ಗುಡುಗಿದರು. "ಇದರಲ್ಲಿ ಏನು ತುಂಬಿದ್ದೀರಿ? ನನ್ನನ್ನು ಕೊಲ್ಲಬೇಕೂಂತಲೇ?"

"ತಾರಸಿ ಮೇಲೆ ಒಣಗಿಸಿದ ಸುಣ್ಣ ಸರ್," ಎಂದರು ದಕ್ಷಿಣಾಮೂರ್ತಿ. "ಸಲಹೆ ನನ್ನದು. ಸಹಿ ತಮ್ಮದು. ಆ ಹುಡುಗ ಉಸಿರಾಡಿದ್ದು ಒಣಗಿಸದೆ ಕೂಲರಿನಡಿ ಉಳಿದುಹೋಗಿದ್ದ ಸುಣ್ಣ. ಸೋಮವಾರದ ಆದೇಶದಲ್ಲಿ ಯಾವುದನ್ನು ಬರೆಯಲಿ ಸರ್?"

ಸುತ್ತೋಲೆ ಅದೇ ಮಧ್ಯಾಹ್ನ ರದ್ದಾಯಿತು. ಆ ಕಚೇರಿಯ ಇತಿಹಾಸದಲ್ಲಿ ಮೂರು ಗಂಟೆಯೊಳಗೆ ಮುಗಿದ ಕಡತ ಅದೊಂದೇ. ನೂರ ತೊಂಬತ್ತೆಂಟು ಡ್ರಮ್ ಗುಜರಿಗೆ ಹೋಯಿತು. ವಿಚಾರಣೆ ನಡೆಯಲಿಲ್ಲ. ಕುಂಬಳಕಾಯಿ ಕಳ್ಳ ಯಾರು ಎಂದು ಕೇಳಬೇಕಾದವರೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಸಾಹೇಬರ ಜವಾನ ಬಂದು, ಗೋಡೆಗೆ ಸುಣ್ಣ ಬಳಿಯಬೇಕಿದೆ ಎಂಬ ನೆವ ಹೇಳಿ, ಪ್ರಶಸ್ತಿಪತ್ರವನ್ನು ಕಟ್ಟಿನ ಸಮೇತ ಇಳಿಸಿಕೊಂಡು ಹೋದ. ಗೋಡೆಗೆ ಸುಣ್ಣ ಬಳಿಯಲಿಲ್ಲ. ವಿಶಾಖಪಟ್ಟಣಕ್ಕೆ ಹೊಸ ಡ್ರಮ್ಮುಗಳು ಸೀಲು ಒಡೆಯದೆ ಹೋದವು.

ಜನವರಿಯ ಪಟ್ಟಿಯಲ್ಲಿ ದಕ್ಷಿಣಾಮೂರ್ತಿಯವರ ಹೆಸರಿರಲಿಲ್ಲ. ವೈಜಯಂತಿ ಹಳೆಯ ಪರದೆಗಳನ್ನೇ ಒಗೆದು ಹಾಕಿದರು. ಕೆಳಗಿನ ಮಹಡಿಯ ಕೊಡೆ ಮತ್ತು ಮಳೆಯಂಗಿ ವಿಭಾಗಕ್ಕೆ ದಕ್ಷಿಣಾಮೂರ್ತಿಯವರ ವರ್ಗವಾಯಿತು. ಮೊದಲ ದಿನ ಹೋದಾಗ ಮುನ್ನೂರು ಹೊಸ ಕೊಡೆಗಳು ತಪಾಸಣೆಗೆ ಕಾದಿದ್ದವು. ಪರೀಕ್ಷಾ ಪತ್ರದಲ್ಲಿ ಬಣ್ಣ, ಉದ್ದ, ಹಿಡಿಕೆ ಎಂದು ಮೂರು ಕಾಲಮ್ಮು. ಮೂರರಲ್ಲೂ ಗುಮಾಸ್ತ ಸರಿ ಎಂದು ಗೆರೆ ಎಳೆದು ಸಹಿಗೆ ಮುಂದಿಟ್ಟ.

ದಕ್ಷಿಣಾಮೂರ್ತಿಯವರು ಪೆನ್ನು ಎತ್ತಿದರು. ಮತ್ತೆ ಕೆಳಗಿಟ್ಟರು. ಒಂದು ಕೊಡೆ ಬಿಚ್ಚಿ ತಲೆಯ ಮೇಲೆ ಹಿಡಿದುಕೊಂಡು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತರು.

"ಚಂದ್ರಪ್ಪನ್ನ ಕರೀರಿ," ಎಂದರು. "ಒಂದು ಬಕೆಟ್ ನೀರು ತಂದು ಮೇಲಿಂದ ಸುರೀಲಿ."

ಜನವರಿಯ ಚಳಿ. ಚಂದ್ರಪ್ಪ ಈ ಸಲವೂ ಏನೂ ಕೇಳದೆ ಸುರಿದ. ಕೊಡೆ ಹಿಡಿಕೆಯವರೆಗೂ ಸೋರಿತು. ತೊಪ್ಪೆಯಾಗಿ ಹಲ್ಲು ಕಟಕಟಿಸುತ್ತಲೇ ಉಪನಿರ್ದೇಶಕರು ಮುನ್ನೂರನ್ನೂ ತಿರಸ್ಕರಿಸಿ ಸಹಿ ಹಾಕಿದರು. ಪಾಪ, ಆ ಸುಣ್ಣದ ಗಾಳಿ ಕುಡಿದ ಮೇಲೆ ಮೂರ್ತಿ ಸಾಹೇಬರ ತಲೆ ಸರಿಯಿಲ್ಲ ಎಂದು ನಾಲ್ಕೂ ಮಹಡಿಯವರು ಮಾತಾಡಿಕೊಂಡರು.